ಲಾಲ್‌ಬಾಗಿನ ಸಸಿಮಡಿ



ಅಜ್ಜೀಪುರ, ರಾಮಾಪುರ, ಹನೂರಿನ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋದವರು ಬಹಳ ಮಂದಿ. ಗಾರೆ ಕೆಲಸ, ಗಾರ್ಮೆಂಟ್ಸ್, ಹೋಟೆಲು, ಕಾವಲು, ಎಲ್ಲ ಕಡೆಯೂ ನಮ್ಮವರಿದ್ದಾರೆ. ಊರಿನಿಂದ ಅಪ್ಪ ಅವ್ವ ಬಂದರೆಂದರೆ ಅವರನ್ನು ಕರೆದುಕೊಂಡು ಹೋಗಿ ತೋರಿಸುವುದು ಎರಡು ಜಾಗ: ವಿಧಾನಸೌಧ ಮತ್ತು ಲಾಲ್‌ಬಾಗ್. ವಿಧಾನಸೌಧವನ್ನು ಬಹುಪಾಲು ಮಂದಿ ರಸ್ತೆಯಲ್ಲಿ ನಿಂತೇ ನೋಡುತ್ತಾರೆ. ಲಾಲ್‌ಬಾಗಿನಲ್ಲಾದರೆ ಮರದಡಿ ಟವೆಲು ಹಾಸಿಕೊಂಡು ಕೂತು ಬುತ್ತಿ ಬಿಚ್ಚಬಹುದು, ಮಕ್ಕಳನ್ನು ಓಡಾಡಲು ಬಿಡಬಹುದು. ಅಷ್ಟು ದೊಡ್ಡ ಊರಿನಲ್ಲಿ ಹಳ್ಳಿಯವರು ಹಿಂಜರಿಯದೆ ಕಾಲು ಚಾಚುವ ಜಾಗ ಅದು.

ಅಲ್ಲಿಗೆ ಹೋದವರು ಗಾಜಿನ ಮನೆ ನೋಡುತ್ತಾರೆ, ಹೂವಿನ ಗಡಿಯಾರ ನೋಡುತ್ತಾರೆ, ಬಂಡೆ ಹತ್ತುತ್ತಾರೆ, ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕುತ್ತಾರೆ. ಸಸಿಮಡಿಯ ಕಡೆ ಹೋಗುವವರು ಕಡಿಮೆ. ಇವತ್ತು ನಾನು ಹೇಳಬೇಕೆಂದಿರುವುದು ಆ ಸಸಿಮಡಿಯ ವಿಚಾರ. ಅರಸರ ತೋಟಗಳು ನಮ್ಮ ನಾಡಿನಲ್ಲಿ ಎಷ್ಟೋ ಇದ್ದವು, ಬಹುಪಾಲು ಹಾಳಾದವು. ಲಾಲ್‌ಬಾಗ್ ಉಳಿಯಿತು. ಸಸಿ ಎಬ್ಬಿಸಿ ಹೊರಗೆ ಕಳಿಸುವ ಕೆಲಸವನ್ನು ಅದು ಕೈಬಿಡದೆ ಮಾಡಿಕೊಂಡು ಬಂದದ್ದರಿಂದಲೇ ಉಳಿಯಿತು ಎಂಬುದು ನನ್ನ ನಂಬಿಕೆ.

ಹಾಳಾದ ತೋಟಕ್ಕೆ ದೂರ ಹೋಗಿ ಉದಾಹರಣೆ ಹುಡುಕಬೇಕಾಗಿಲ್ಲ. ಶ್ರೀರಂಗಪಟ್ಟಣದಲ್ಲಿಯೂ ಒಂದು ಲಾಲ್‌ಬಾಗ್ ಇತ್ತು. ದ್ವೀಪದ ಪೂರ್ವದ ತುದಿಯಲ್ಲಿ, ಗಂಜಾಂ ದಾಟಿದ ಮೇಲೆ, ಈಗ ಹೈದರ್ ಅಲಿ ಮತ್ತು ಟಿಪ್ಪುವಿನ ಸಮಾಧಿಯಿರುವ ಗುಂಬಜ್ ಇದೆಯಲ್ಲ, ಅದೇ ಜಾಗ. 1792ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ದ್ವೀಪದೊಳಗೆ ನುಗ್ಗಿ ಅಲ್ಲಿ ಬೀಡು ಬಿಟ್ಟಿತು. ಕೋಟೆಗೆ ಮುತ್ತಿಗೆ ಹಾಕಲು ಕಂದಕ, ಮರೆಗೋಡೆಗಳಿಗೆ ಮರ ಬೇಕಿತ್ತು. ಸುಲ್ತಾನನ ತೋಟದ ಸೈಪ್ರೆಸ್ ಮರಗಳನ್ನೂ ಹಣ್ಣಿನ ಮರಗಳನ್ನೂ ಕಡಿದು ಅದಕ್ಕೆ ಹಾಕಿದರು. ವರ್ಷಾನುಗಟ್ಟಲೆ ಬೆಳೆಸಿದ್ದು ಕೆಲವೇ ದಿನಗಳಲ್ಲಿ ಹೋಯಿತು. ಇವತ್ತು ಗುಂಬಜ್ ನೋಡಲು ಹೋದವರಿಗೆ ಇಲ್ಲೊಂದು ದೊಡ್ಡ ಹಣ್ಣಿನ ತೋಟವಿತ್ತೆಂಬುದು ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ಬೆಂಗಳೂರಿನ ತೋಟವನ್ನು ಹೈದರ್ ಅಲಿ ಶುರುಮಾಡಿದ್ದು 1760ರ ಸುಮಾರಿಗೆ. ಆಗ ಅದು 40 ಎಕರೆ. ಸಿರಾದಲ್ಲಿ ಮೊಗಲರ ಸುಬೇದಾರನಾಗಿದ್ದ ದಿಲಾವರ್ ಖಾನನ ತೋಟ ಇದಕ್ಕೆ ಮಾದರಿಯಾಯಿತೆಂದು ಹೇಳುತ್ತಾರೆ. ಸಿರಾ ನಮ್ಮ ಹನೂರಿನಷ್ಟೇ ಒಣ ಸೀಮೆ. ಅಂಥ ಕಡೆ ನೀರನ್ನು ಲೆಕ್ಕವಿಟ್ಟು ಬಳಸಿ ಬೆಳೆಸಿದ ತೋಟ ಬಯಲುಸೀಮೆಯ ಇನ್ನೊಂದು ತೋಟಕ್ಕೆ ಮೇಲ್ಪಂಕ್ತಿಯಾಯಿತು ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ.

ಟಿಪ್ಪು ಸೋತ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದಿಟ್ಟ. ಬೆಂಗಳೂರಿನ ತೋಟದ ವರ್ಣನೆಯೂ ಅದರಲ್ಲಿದೆ. ಚೌಕ ಚೌಕವಾದ ಮಡಿಗಳು, ನಡುವೆ ಓಡಾಡಲು ದಾರಿ, ದಾರಿಯ ಎರಡೂ ಬದಿ ಸೈಪ್ರೆಸ್ ಮರಗಳ ಸಾಲು. ಒಂದು ಚೌಕಕ್ಕೆ ಒಂದೇ ಜಾತಿಯ ಗಿಡ: ಗುಲಾಬಿಯ ಚೌಕದಲ್ಲಿ ಗುಲಾಬಿ ಮಾತ್ರ, ದಾಳಿಂಬೆಯ ಚೌಕದಲ್ಲಿ ದಾಳಿಂಬೆ ಮಾತ್ರ. ಹಣ್ಣಿನ ಮರಗಳ ಜೊತೆಗೆ ಸೊಪ್ಪು ತರಕಾರಿಯೂ ಇತ್ತು. ಇದನ್ನು ಓದಿದರೆ ಬರೀ ಶೋಕಿಯ ತೋಟದಂತೆ ಕಾಣುವುದಿಲ್ಲ. ನಮ್ಮ ರೈತರು ಬೆಳೆವಾರು ಪಾತಿ ಕಟ್ಟುವ ಕ್ರಮವೇ ಅಲ್ಲಿಯೂ ಇದೆ.

ಟಿಪ್ಪುವಿಗೆ ಹೊರದೇಶದ ಗಿಡಗಳೆಂದರೆ ತೀರದ ಹಂಬಲ. ಕಾಬೂಲ್, ಪರ್ಷಿಯಾ, ತುರ್ಕಿ, ಮಾರಿಷಸ್ ಕಡೆಗಳಿಂದ ಬೀಜ, ಸಸಿ ತರಿಸಿ ನೆಡಿಸಿದ. ಅವನ ಕಾಲದ್ದೆಂದು ಹೇಳುವ ಮಾವಿನ ಮರವನ್ನು ಲಾಲ್‌ಬಾಗಿನಲ್ಲಿ ಈಗಲೂ ತೋರಿಸುತ್ತಾರೆ. ನಮಗೆ ಅದಕ್ಕಿಂತ ಹತ್ತಿರದ ಸಂಗತಿ ರೇಷ್ಮೆ. ಮಸ್ಕತ್ತಿನಿಂದಲೂ ಬಂಗಾಳದಿಂದಲೂ ರೇಷ್ಮೆ ಹುಳು ತರಿಸಲು, ಹಿಪ್ಪುನೇರಳೆ ಹಾಕಿಸಲು ಅವನು ಬರೆಸಿದ ಪತ್ರಗಳಿವೆ. ಕೊಳ್ಳೇಗಾಲದ ಹೆಸರು ಇವತ್ತು ರೇಷ್ಮೆಯಿಂದ ಎಷ್ಟು ದೂರ ಹೋಗಿದೆ ನೋಡಿ. ಎಲ್ಲಿಂದಲೋ ಒಂದು ಗಿಡ ತಂದು ನಮ್ಮ ಮಣ್ಣಿಗೆ ಒಗ್ಗಿಸಿ ಸೀಮೆಗೆಲ್ಲ ಹರಡುವುದು ಎಂದರೆ ಇದು. ಲಾಲ್‌ಬಾಗಿನ ಮುಂದಿನ ಇನ್ನೂರು ವರ್ಷದ ಕಥೆಯೂ ಇದೇ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ನಮ್ಮ ಕೊಳ್ಳೇಗಾಲ ಸೀಮೆ ಕಂಪನಿಗೆ ಹೋಗಿ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ನಾವು ಮತ್ತೆ ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರಂದು. ಲಾಲ್‌ಬಾಗ್ ಮೈಸೂರು ಸಂಸ್ಥಾನದಲ್ಲಿ ಬೆಳೆದ ಆ ಒಂದೂವರೆ ಶತಮಾನ ನಮ್ಮ ಹಿರಿಯರು ಕಂದಾಯ ಕಟ್ಟಿದ್ದು, ಕೋರ್ಟು ಕಚೇರಿಗೆ ಅಲೆದದ್ದು ಕೊಯಮತ್ತೂರಿನ ಕಡೆಗೆ. ಲಾಲ್‌ಬಾಗ್ ನಮ್ಮದು ಎನ್ನುವ ಭಾವ ನಮ್ಮಲ್ಲಿ ತಡವಾಗಿ ಬಂದಿದ್ದರೆ ಅದಕ್ಕೆ ಈ ಚರಿತ್ರೆಯೂ ಒಂದು ಕಾರಣ.

ಟಿಪ್ಪುವಿನ ನಂತರ ತೋಟ ಮೇಜರ್ ವಾ ಎಂಬ ಅಧಿಕಾರಿಯ ಕೈಗೆ ಬಂತು. ಗಿಡಗಳಲ್ಲಿ ಆಸಕ್ತಿಯಿದ್ದ ಮನುಷ್ಯ. 1819ರಲ್ಲಿ ಅವನು ತೋಟವನ್ನು ಕಂಪನಿ ಸರ್ಕಾರಕ್ಕೆ ಒಪ್ಪಿಸಿದ. ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥ ವಾಲಿಚ್ ಅಲ್ಲಿಂದಲೇ ಇದರ ಮೇಲ್ವಿಚಾರಣೆ ನೋಡುತ್ತಿದ್ದ. ಆಮೇಲೆ ಒಂದು ಸಂಘದ ಕೈಗೆ ಹೋಗಿ, ಆ ಸಂಘವೂ ಮುಚ್ಚಿ, ಕೆಲವು ಕಾಲ ತೋಟ ಸೊರಗಿತು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಎರಡು ವರ್ಷದ ನಂತರ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತರಬೇತಾದ ವಿಲಿಯಂ ನ್ಯೂ ಮೇಲ್ವಿಚಾರಕನಾಗಿ ಬಂದ. ಅರಸನ ಇಷ್ಟಾನಿಷ್ಟದ ಮೇಲೆ ನಿಂತಿದ್ದ ತೋಟಕ್ಕೆ ಒಂದು ಹುದ್ದೆ, ಒಂದು ಲೆಕ್ಕಪುಸ್ತಕ, ಗಿಡಗಳ ಒಂದು ಪಟ್ಟಿ ಸಿಕ್ಕಿದ್ದು ಆಗ. ಆ ಕಾಲದಲ್ಲಿ ಅಲ್ಲೊಂದು ಸಣ್ಣ ಮೃಗಾಲಯವೂ ಇತ್ತು. ಈಗ ಅದರ ಕಾಲದ ಪಾರಿವಾಳದ ಮನೆ ಮಾತ್ರ ಉಳಿದಿದೆ.

ಜಾನ್ ಕ್ಯಾಮರಾನ್ ಮೇಲ್ವಿಚಾರಕನಾಗಿ ಬಂದದ್ದು 1874ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ಇದ್ದ. ನಮ್ಮ ಅಡುಗೆಮನೆಗೆ ಅವನ ಋಣವಿದೆ. ಸಂತೆಯಲ್ಲಿ ತಿಳಿ ಹಸಿರು ಬಣ್ಣದ, ಗೆರೆಗೆರೆಯಾದ ಸೀಮೆಬದನೆಕಾಯಿ ಕೊಳ್ಳುತ್ತೇವಲ್ಲ, ಸಾಗು, ಕೂಟು, ಸಾಂಬಾರಿಗೆ ಹಾಕುತ್ತೇವಲ್ಲ, ಅದು ಮೆಕ್ಸಿಕೋ ಕಡೆಯ ಬಳ್ಳಿ. ಅದನ್ನು ಲಾಲ್‌ಬಾಗಿನಲ್ಲಿ ಬೆಳೆಸಿ ರೈತರಿಗೆ ಹಂಚಿದವನು ಕ್ಯಾಮರಾನ್. ಗಡಿಯಾಚೆ ತಮಿಳರು ಅದನ್ನು ಬೆಂಗಳೂರು ಕತ್ತರಿಕಾಯಿ ಎಂದೇ ಕರೆಯುತ್ತಾರೆ. ನಮ್ಮ ಗಡಿ ಊರುಗಳ ಸಂತೆಯಲ್ಲಿ ಆ ಹೆಸರು ಕೇಳಿದವರಿದ್ದೀರಿ. ಇನ್ನೂ ಎಷ್ಟೋ ತರಕಾರಿ, ಹಣ್ಣು, ಮೇವಿನ ಹುಲ್ಲು, ನೆರಳಿನ ಮರ ಹೀಗೆಯೇ ಮೊದಲು ಲಾಲ್‌ಬಾಗಿನ ಮಡಿಯಲ್ಲಿ ಮೊಳೆತು, ಬದುಕುತ್ತದೋ ಇಲ್ಲವೋ ನೋಡಿ, ಬದುಕಿದ ಮೇಲೆ ಹಳ್ಳಿಗಳಿಗೆ ಹೋದವು. ಮೈಸೂರು ಮತ್ತು ಕೊಡಗಿನ ಕಾಡುಮರಗಳ ಮೇಲೆ ಕ್ಯಾಮರಾನ್ ಒಂದು ಪುಸ್ತಕವನ್ನೂ ಮಾಡಿದ.

ಗಾಜಿನ ಮನೆಯೂ ಅವನ ಕಾಲದ್ದೇ. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಆಗ ಮೈಸೂರನ್ನು ಆಳುತ್ತಿದ್ದವರು ಹತ್ತನೆಯ ಚಾಮರಾಜೇಂದ್ರ ಒಡೆಯರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅದಕ್ಕೆ ಮಾದರಿ. ಎರಕದ ಕಬ್ಬಿಣದ ಕಂಬ, ಕಮಾನು ಗ್ಲಾಸ್ಗೋದಿಂದ ಬಂದವು. 1935ರಲ್ಲಿ ಪೂರ್ವದ ಭಾಗ ಸೇರಿಸಿದಾಗ ಕಬ್ಬಿಣ ಬಂದದ್ದು ನಮ್ಮದೇ ಭದ್ರಾವತಿಯಿಂದ. ಹಡಗಿನಲ್ಲಿ ಬಂದ ಕಬ್ಬಿಣಕ್ಕೆ ಭದ್ರಾವತಿಯ ಕಬ್ಬಿಣ ಹೊಂದಿಕೊಂಡು ನಿಂತಿದೆ. ಎಲ್ಲಿ ಹಳೆಯದು ಮುಗಿಯಿತು, ಎಲ್ಲಿ ಹೊಸತು ಶುರುವಾಯಿತು ಎಂದು ಹುಡುಕಿಕೊಂಡು ನೋಡಬೇಕು.

1908ರಲ್ಲಿ ಕ್ಯಾಮರಾನ್ ಜಾಗಕ್ಕೆ ಬಂದ ಕೃಂಬಿಗಲ್ ಜರ್ಮನಿಯವರು. ಪೂರ್ತಿ ಹೆಸರು ಗುಸ್ತಾವ್ ಹರ್ಮನ್ ಕೃಂಬಿಗಲ್. ಬರೋಡದ ಅರಸರಲ್ಲಿ ಕೆಲಸ ಮಾಡಿ, ಆಮೇಲೆ ಮೈಸೂರಿಗೆ ಬಂದವರು. ಬೆಂಗಳೂರಿನ ರಸ್ತೆಗಳಲ್ಲಿ ವರ್ಷದ ಒಂದೊಂದು ಕಾಲಕ್ಕೆ ಒಂದೊಂದು ಜಾತಿಯ ಮರ ಹೂ ಬಿಡುವಂತೆ ಯೋಚಿಸಿ ನೆಡಿಸಿದವರು ಅವರು. ಒಂದು ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ರಸ್ತೆಯಲ್ಲಿ ಇನ್ನೊಂದು ಮರ ಅರಳುತ್ತಿರಬೇಕು. ಆ ಸಸಿಗಳೆಲ್ಲ ಹೊರಟದ್ದು ಲಾಲ್‌ಬಾಗಿನ ಮಡಿಗಳಿಂದ. ಮಹಾಯುದ್ಧದ ಕಾಲದಲ್ಲಿ ಜರ್ಮನಿಯವರೆಂಬ ಒಂದೇ ಕಾರಣಕ್ಕೆ ಅವರನ್ನು ಬಂಧನದಲ್ಲಿಟ್ಟರು. ಆದರೂ ಅವರು ಈ ಊರು ಬಿಟ್ಟು ಹೋಗಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಅವರ ನಂತರ 1932ರಲ್ಲಿ ಎಚ್.ಸಿ. ಜವರಾಯ ಅವರು ಬಂದರು. ಲಾಲ್‌ಬಾಗಿನ ಚುಕ್ಕಾಣಿ ಹಿಡಿದ ಮೊದಲ ಭಾರತೀಯರು. ಗಾಜಿನ ಮನೆಗೆ ಪೂರ್ವದ ಭಾಗ ಸೇರಿದ್ದು ಅವರ ಕಾಲದಲ್ಲಿ.

ಇನ್ನು ನಾನು ಸಾವಕಾಶವಾಗಿ ಹೇಳಬೇಕಾದವರು ಡಾ. ಎಂ.ಎಚ್. ಮರಿಗೌಡರು. ಇವರು ನಮ್ಮ ಪಕ್ಕದವರು. ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಹೋಬಳಿಯ ಮಾರಸಿಂಗನಹಳ್ಳಿ ಅವರ ಊರು. ರೈತರ ಮನೆಯ ಹುಡುಗ ಓದುತ್ತಾ ಹೋಗಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. 1951ರ ಹೊತ್ತಿಗೆ ಲಾಲ್‌ಬಾಗಿನ ಹೊಣೆ ಹೊತ್ತರು. ತೋಟಗಾರಿಕೆ ಬೇರೆಯದೇ ಇಲಾಖೆಯಾದಾಗ ಅದರ ನಿರ್ದೇಶಕರಾದವರೂ ಅವರೇ. ಅಷ್ಟು ಓದಿದವರು ಬೇಕಾದರೆ ಅಪರೂಪದ ಹೂಗಿಡಗಳನ್ನು ನೋಡಿಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಅವರ ಕಣ್ಣು ಇದ್ದದ್ದು ಮಳೆಯನ್ನೇ ನೆಚ್ಚಿದ ಹೊಲಗಳ ಮೇಲೆ.

ಅವರ ಯೋಚನೆ ಹೀಗಿತ್ತು. ಒಣ ಜಮೀನಿನ ರೈತ ರಾಗಿ, ಹುರುಳಿ ಬಿತ್ತುತ್ತಾನೆ. ಮಳೆ ಕೈಕೊಟ್ಟ ವರ್ಷ ಅವನಿಗೆ ಏನೂ ಉಳಿಯುವುದಿಲ್ಲ. ಅದೇ ಹೊಲದಲ್ಲಿ ಮಾವು, ಹುಣಸೆ, ಹಲಸು, ಗೋಡಂಬಿ ಹಾಕಿ, ಮೊದಲ ಎರಡು ಮೂರು ಬೇಸಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಉಳಿಸಿಕೊಂಡರೆ, ಬೇರು ಆಳಕ್ಕೆ ಇಳಿದ ಮೇಲೆ ಮರ ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಮಳೆ ಕಡಿಮೆಯಾದ ವರ್ಷವೂ ಮನೆಗೆ ನಾಲ್ಕು ಕಾಸು ಬರುತ್ತದೆ. ಇದನ್ನು ಭಾಷಣದಲ್ಲಿ ಹೇಳಿದರೆ ರೈತ ನಂಬುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ರಾಜ್ಯದ ತಾಲ್ಲೂಕು ತಾಲ್ಲೂಕಿನಲ್ಲಿ ತೋಟಗಾರಿಕಾ ಕ್ಷೇತ್ರಗಳನ್ನು ಮಾಡಿಸಿದರು. ಅಂಥವು 300ಕ್ಕೂ ಹೆಚ್ಚಾದವು. ಬಹುಪಾಲು ಯಾರಿಗೂ ಬೇಡವಾದ ಬರಡು ಜಮೀನುಗಳೇ. ಅಂಥ ನೆಲದಲ್ಲಿ ಮರ ಎಬ್ಬಿಸಿ ತೋರಿಸಬೇಕು, ಅಲ್ಲೇ ಕಸಿ ಕಟ್ಟಬೇಕು, ಅಲ್ಲೇ ರೈತನಿಗೆ ಕಡಿಮೆ ಬೆಲೆಗೆ ಗಿಡ ಕೊಡಬೇಕು. ಮಣ್ಣು ಪರೀಕ್ಷೆಗೆ, ರೋಗ ಹುಳುಗಳ ವಿಚಾರ ಕೇಳುವುದಕ್ಕೆ ಪ್ರಯೋಗಾಲಯ ಇರಬೇಕು. ಗಿಡ ಮಾರುವವರಿಗೆ, ಹಣ್ಣು ಮಾರುವವರಿಗೆ ಸಹಕಾರ ಸಂಘ ಇರಬೇಕು. ಹೈದರನ 40 ಎಕರೆ ಹೀಗೆ ಗೋಡೆ ದಾಟಿ ನಾಡಿನ ಉದ್ದಗಲಕ್ಕೆ ಹೋಯಿತು. ಲಾಲ್‌ಬಾಗ್ ಇವತ್ತು 240 ಎಕರೆ ಎನ್ನುತ್ತೇವೆ. ಮರಿಗೌಡರು ಹರಡಿದ ಮರಗಳನ್ನು ಲೆಕ್ಕಕ್ಕೆ ಹಿಡಿದರೆ ಅದರ ಅಳತೆ ಬೇರೆಯೇ ಆಗುತ್ತದೆ.

ಈ ದೊಡ್ಡ ಹೆಸರುಗಳ ಹಿಂದೆ ಗುದ್ದಲಿ ಹಿಡಿದವರಿದ್ದಾರೆ. ಬೆಂಗಳೂರಿನ ತಿಗಳ ಸಮುದಾಯದವರು ತಲೆತಲಾಂತರದಿಂದ ತೋಟದ ಕೆಲಸದಲ್ಲಿ ಪಳಗಿದವರು. ಕರಗ ಹೊರುವ ಮನೆತನಗಳೂ ಅವರವೇ. ಲಾಲ್‌ಬಾಗಿನ ಪಕ್ಕದ ಸಿದ್ಧಾಪುರದ ಸುತ್ತ ನರ್ಸರಿಗಳ ಸಾಲೇ ಬೆಳೆದದ್ದು ಈ ನೆರೆಹೊರೆಯಿಂದ. ಕಸಿ ಕಟ್ಟುವ ಕೈಗೆ ಇರುವ ಹದ ಪುಸ್ತಕದಿಂದ ಬರುವುದಿಲ್ಲ. ಕಡ್ಡಿ ಎಷ್ಟು ಬಲಿತಿರಬೇಕು, ಚಾಕು ಎಷ್ಟು ಆಳಕ್ಕೆ ಇಳಿಯಬೇಕು, ಕಟ್ಟು ಎಷ್ಟು ಬಿಗಿಯಬೇಕು ಎಂಬುದನ್ನು ಅಪ್ಪ ಮಗನಿಗೆ ಬೆರಳು ಹಿಡಿದು ತೋರಿಸಬೇಕು. ಮೇಲ್ವಿಚಾರಕರ ಹೆಸರುಗಳು ಫಲಕದಲ್ಲಿವೆ, ಸಭಾಂಗಣಗಳಿಗೂ ಇಟ್ಟಿದ್ದೇವೆ. ಆ ಮಾಲಿಗಳಲ್ಲಿ ಒಬ್ಬರ ಹೆಸರನ್ನಾದರೂ ಒಂದು ದಾರಿಗೆ ಇಡಬೇಕಾಗಿತ್ತು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಬಂಡೆಯ ವಿಚಾರ ಹೇಳದೆ ಮುಂದೆ ಹೋಗಲಾರೆ. ಹೊಲದ ನಡುವೆ ಹಾಸುಬಂಡೆ ನೋಡಿಕೊಂಡು ಬೆಳೆದ ನಮಗೆ ಲಾಲ್‌ಬಾಗಿನ ಬಂಡೆ ಮೊದಲಿಗೆ ವಿಶೇಷವಾಗಿ ಕಾಣುವುದಿಲ್ಲ. ಅದರ ವಯಸ್ಸು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ದಕ್ಷಿಣ ಭಾರತದ ಅಡಿಪಾಯದ ಈ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮೇಲೆ ಕೆಂಪೇಗೌಡರ ಗೋಪುರ ನಿಂತಿದೆ. ಬಂಡೆಯೂ ಗೋಪುರವೂ ಹಿಂದೆ ತೋಟದ ಹೊರಗಿದ್ದವು. ಕ್ಯಾಮರಾನ್ 1890ರ ಆಸುಪಾಸಿನಲ್ಲಿ ಜಾಗ ಸೇರಿಸುತ್ತಾ ಹೋದಾಗ ಅವು ಒಳಗೆ ಬಂದವು. ಅಂದು ಅವನು ಬೇಲಿಯನ್ನು ಅಷ್ಟು ದೂರಕ್ಕೆ ಹಾಕದಿದ್ದರೆ ಬೆಂಗಳೂರಿನ ಎಷ್ಟೋ ಬಂಡೆಗಳಂತೆ ಅದೂ ಜಲ್ಲಿಯಾಗಿ ಯಾವುದೋ ಗೋಡೆಯೊಳಗೆ ಸೇರಿರುತ್ತಿತ್ತು.

ಬೇಲಿ ಈಗ ಒಳಮುಖವಾಗಿ ಸರಿಯುವ ಭಯವಿದೆ. 2009ರಲ್ಲಿ ಮೆಟ್ರೋ ಕೆಲಸಕ್ಕೆಂದು ಲಾಲ್‌ಬಾಗಿನ ಕಾಂಪೌಂಡು ಒಡೆದು ಮರ ಕಡಿದಾಗ ಜನ ಬೀದಿಗಿಳಿದರು. 2025ರಲ್ಲಿ ಸುರಂಗ ರಸ್ತೆಯ ಯೋಜನೆಗೆ ಲಾಲ್‌ಬಾಗಿನ ಜಾಗದ ಮಾತು ಬಂದಾಗಲೂ ಜನ ಎದ್ದು ನಿಂತರು. ಬೆಳಿಗ್ಗೆ ನಡೆಯಲು ಬರುವ ಮುದುಕರು, ಕಾಲೇಜು ಮಕ್ಕಳು, ಭೂವಿಜ್ಞಾನ ಓದಿದವರು ಎಲ್ಲರೂ ಇದ್ದರು. ಕರ್ನಾಟಕದ ಸರ್ಕಾರಿ ಉದ್ಯಾನಗಳನ್ನು ಕಾಪಾಡಲು 1975ರಷ್ಟು ಹಿಂದೆಯೇ ಒಂದು ಕಾಯ್ದೆ ಆಗಿದೆ. ಕಾಯ್ದೆ ಪುಸ್ತಕದಲ್ಲಿದ್ದರೂ ಕಾವಲು ಕಾಯಬೇಕಾದವರು ಅಲ್ಲಿ ಕಾಲಿಡುವ ಜನವೇ. ನಾವು ಇಷ್ಟು ದೂರದಲ್ಲಿದ್ದೇವೆ, ನಮಗೇಕೆ ಎನ್ನಬಾರದು. ಅಲ್ಲಿನ ತಾಯಿ ಮರಗಳಿಂದ ತೆಗೆದ ಕಡ್ಡಿ ನಮ್ಮ ಹೊಲದ ಮಾವಿನಲ್ಲೂ ಇರಬಹುದು.

ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನ ನಿಮಗೆಲ್ಲ ಗೊತ್ತಿರುವುದೇ. ಅದನ್ನು ನಡೆಸುವುದರಲ್ಲಿ ಕೈಜೋಡಿಸುವ ಮೈಸೂರು ಉದ್ಯಾನ ಕಲಾ ಸಂಘ 1912ರಲ್ಲಿ ಹುಟ್ಟಿದ್ದು. 2022ರ ಆಗಸ್ಟಿನ ಪ್ರದರ್ಶನ ಡಾ. ರಾಜ್‌ಕುಮಾರ್ ಮತ್ತು ಪುನೀತ್ ಅವರ ನೆನಪಿಗೆ ಮೀಸಲಾಗಿತ್ತು. ಗಾಜಿನ ಮನೆಯೊಳಗೆ ಗಾಜನೂರಿನಲ್ಲಿರುವ ರಾಜ್‌ಕುಮಾರ್ ಅವರ ಹಳೆಯ ಮನೆ ಹೂವಿನಲ್ಲಿ ಎದ್ದು ನಿಂತಿತು. ಗಾಜನೂರು ನಮ್ಮ ಚಾಮರಾಜನಗರದ ಗಡಿಯಾಚೆ, ತಾಳವಾಡಿ ಸೀಮೆಯ ಕನ್ನಡದ ಹಳ್ಳಿ. ಲಕ್ಷಾಂತರ ಜನ ಸಾಲುನಿಂತು ನಮ್ಮ ಕಡೆಯ ಒಂದು ಹೆಂಚಿನ ಮನೆಯನ್ನು ನೋಡಿ ಕಣ್ಣೊರೆಸಿಕೊಂಡರು. ಅರಸರ ತೋಟದ ನಡುಮನೆಯಲ್ಲಿ ಹಳ್ಳಿಯ ಮನೆಗೆ ಅಂಥ ಮರ್ಯಾದೆ ಸಿಕ್ಕಿದ್ದು ಕಂಡು ನನಗೆ ತುಂಬಾ ಸಂತೋಷವಾಯಿತು.

ಇನ್ನು ಕೆಲಸದ ಮಾತು. ಪ್ರದರ್ಶನಕ್ಕೆ ಹೋದವರು ಬರುವಾಗ ನರ್ಸರಿಯ ಕಡೆ ಹೋಗಿ ಬನ್ನಿ. ಹೂಗಿಡ ಬೇಕಾದವರು ಹೂಗಿಡ ತನ್ನಿ, ಬೇಡ ಎನ್ನುವುದಿಲ್ಲ. ಹೊಲಕ್ಕೆ ಹಾಕುವ ಕಸಿ ಗಿಡವಾದರೆ ಅಷ್ಟು ದೂರದಿಂದ ಬಸ್ಸಿನಲ್ಲಿ ಹೊತ್ತು ತರುವ ಅಗತ್ಯವಿಲ್ಲ. ಕೊಳ್ಳೇಗಾಲ, ಹನೂರಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ. ಮರಿಗೌಡರ ಇಲಾಖೆ ಅದು, ಕೇಳುವುದು ನಿಮ್ಮ ಹಕ್ಕು.

ಉಡುತೊರೆ ಹಳ್ಳದ ಜಲಾಶಯದ ನೀರು ಸಿಗುವ ಜಮೀನಿನವರ ಲೆಕ್ಕ ಬೇರೆ. ಮಳೆಯನ್ನೇ ನೆಚ್ಚಿದವರಿಗೆ ನನ್ನ ಸಲಹೆ ಇಷ್ಟು. ಕಾಡಂಚಿನಲ್ಲಿ ಜಮೀನಿದ್ದರೆ ಹಲಸು ಹಾಕಬೇಡಿ, ಹಣ್ಣಾಗುವ ಕಾಲಕ್ಕೆ ಆನೆಯನ್ನು ಕರೆದಂತೆ ಆಗುತ್ತದೆ. ಹುಣಸೆ, ಸೀತಾಫಲ, ನೆಲ್ಲಿ ಅಂಥ ಕಡೆಗೆ ಮೇಲು. ಊರಿನ ಹತ್ತಿರದ ಹೊಲಕ್ಕೆ ಮಾವು ಹಾಕುವವರು ಮರದಿಂದ ಮರಕ್ಕೆ 30 ಅಡಿ ಬಿಡಿ. ನಡುವೆ ಕೆಲವು ವರ್ಷ ಹುರುಳಿ, ಅವರೆ ಬೆಳೆದುಕೊಳ್ಳಬಹುದು. ಗುಂಡಿಯನ್ನು ಬೇಸಿಗೆಯಲ್ಲೇ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳಕ್ಕೆ ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಗಿಡ ನೆಡುವುದಕ್ಕೆ ಆ ಮಳೆಯ ಮೊದಲ ಹದ ಸರಿಯಾದದ್ದು. ಕಸಿ ಕಟ್ಟಿದ ಗಂಟು ಮಣ್ಣಿನೊಳಗೆ ಹೂತು ಹೋಗದಂತೆ ನೋಡಿಕೊಳ್ಳಿ. ಗಂಟಿನ ಕೆಳಗೆ ಚಿಗುರು ಬಂದರೆ ಚಿವುಟಿ ಹಾಕಿ, ಅದು ಕಾಡು ಗಿಡದ ಚಿಗುರು.